ಕುದಿಯುವ ಫ್ಲಾಸ್ಕಿನ ಪಕ್ಕದ ಸ್ಟೂಲುಗಳು

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿದ್ದಳು. ಹುಡುಗಿ ಎಂದರೆ ಪಿಎಚ್.ಡಿ. ಮುಗಿಸಿದವಳು, ಮಗುವಿನ ತಾಯಿ. ನನ್ನ ವಯಸ್ಸಿಗೆ ಅವಳು ಹುಡುಗಿ, ಅಷ್ಟೇ. ಪಾಠ ಮಾಡುವುದಕ್ಕೆ ಅವಳಿಗೆ ಭಯವಿಲ್ಲವಂತೆ. ಪ್ರಾಕ್ಟಿಕಲ್ ತರಗತಿಯನ್ನೂ ಸುಧಾರಿಸುತ್ತಾಳಂತೆ. ಆದರೆ ಕೊನೆಯ ವರ್ಷದ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮುಂದೇನು ಮಾಡಲಿ ಎಂದು ಕೇಳಿದಾಗ ಬಾಯಿ ಒಣಗುತ್ತದಂತೆ. ಎಂ.ಎಸ್ಸಿ. ಮಾಡಲೋ, ಬೇಡವೋ, ಕೆಲಸ ಹುಡುಕಲೋ, ಪಿಎಚ್.ಡಿ. ನನ್ನಿಂದ ಆಗುತ್ತದೋ ಎಂದು ಕೇಳುವ ಮಕ್ಕಳಿಗೆ ನೀವೇನು ಹೇಳುತ್ತಿದ್ದಿರಿ ಎಂದಳು. ಅದು ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲ ಎಂದು ಇಟ್ಟುಬಿಟ್ಟೆ. ಆಮೇಲೆ ಪಾಪ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯಿಂದ ದೆಹಲಿಗೆ ಬಂದು, ಇಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಲೆಕ್ಚರರ್ ಆಗಿ ಒಳಗೆ ಹೋದೆ, ಪ್ರೊಫೆಸರ್ ಆಗಿ ಹೊರಗೆ ಬಂದೆ. ನಡುವೆ ಯಾವಾಗ ಯಾವ ಹೆಸರು ಬಂತು ಎಂಬುದು ಯಾರಿಗೂ ಬೇಡ, ನನಗೂ ಬೇಡ. ಕೆಲಸಕ್ಕೆ ಸೇರುವಾಗ ರಸಾಯನಶಾಸ್ತ್ರ ಕಲಿಸುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಅದು ಅರ್ಧ ಮಾತ್ರ. ಉಳಿದರ್ಧ, ಪದವಿ ಮುಗಿಯುವ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡು ಬರುವ ಮಕ್ಕಳ ಜೊತೆ ಕೂರುವುದು. ಈ ಅರ್ಧಕ್ಕೆ ಯಾವ ತರಬೇತಿಯೂ ಇಲ್ಲ, ಯಾರೂ ಮೊದಲೇ ಹೇಳುವುದೂ ಇಲ್ಲ.

ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಖನ್ನಾ ಸಾಹೇಬರು. ದೊಡ್ಡ ದೇಹ, ದೊಡ್ಡ ಧ್ವನಿ, ಅದಕ್ಕಿಂತ ದೊಡ್ಡ ಊಟದ ಡಬ್ಬಿ. ಅದರೊಳಗಿನ ಪರಾಠ ಇಡೀ ಸ್ಟಾಫ್ ರೂಮಿಗೆ ಹಂಚಿ ತಿನ್ನುವ ಮನುಷ್ಯ. ಮುಂದೇನು ಎಂದು ಯಾವ ವಿದ್ಯಾರ್ಥಿ ಕೇಳಿದರೂ ಅವರ ಉತ್ತರ ಒಂದೇ. "ಎಂ.ಎಸ್ಸಿ. ಕರ್ ಲೋ ಬೇಟಾ, ಬಾಕಿ ಬಾದ್ ಮೇ ದೇಖೇಂಗೇ." ಮೊದಲು ಎಂ.ಎಸ್ಸಿ. ಮಾಡು, ಮಿಕ್ಕಿದ್ದು ಆಮೇಲೆ ನೋಡೋಣ. ಇಷ್ಟು ಹೇಳುವುದಕ್ಕೆ ಅವರಿಗೆ ಪರಾಠದ ಒಂದು ತುತ್ತಿನಷ್ಟು ಹೊತ್ತು ಸಾಕಾಗುತ್ತಿತ್ತು. ಎಂ.ಎಸ್ಸಿ. ಮುಗಿಸಿದ ಮಕ್ಕಳು ಅದೇ ಸಪ್ಪೆ ಮುಖ ಹೊತ್ತು ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದರು. ಆಗ ಸಾಹೇಬರು ಪಿಎಚ್.ಡಿ. ಮಾಡು ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೆ ಹೊಸಬಳು, ನಗುವಂತಿರಲಿಲ್ಲ.

ನನ್ನ ದಾರಿ ನನಗೆ ಸಿಕ್ಕಿದ್ದು ನೀರಿನ ತಾಪತ್ರಯದಿಂದ. ನಮ್ಮ ಲ್ಯಾಬಿನಲ್ಲಿ ರಿಫ್ಲಕ್ಸ್ ಎಂಬ ಕೆಲಸವಿದೆ. ದುಂಡು ಫ್ಲಾಸ್ಕಿನಲ್ಲಿ ದ್ರವ ಕುದಿಯುತ್ತಿರುತ್ತದೆ. ಆವಿ ಮೇಲಿನ ಗಾಜಿನ ಕೊಳವೆಗೆ ಏರುತ್ತದೆ. ಆ ಕೊಳವೆಯ ಸುತ್ತ ತಣ್ಣೀರು ಹರಿಯುವುದರಿಂದ ಆವಿ ಹನಿಯಾಗಿ ಮತ್ತೆ ಫ್ಲಾಸ್ಕಿಗೇ ಬೀಳುತ್ತದೆ. ಹೀಗೆ ಗಂಟೆಗಟ್ಟಲೆ. ಈ ಕೊಳವೆಗೆ ನಾವು ಕಂಡೆನ್ಸರ್ ಎನ್ನುತ್ತೇವೆ. ನಲ್ಲಿ ನಿಂತರೆ ಆವಿ ಹನಿಯಾಗುವ ಬದಲು ಕೋಣೆ ತುಂಬಿಕೊಳ್ಳುತ್ತದೆ. ನಮಗೆ ನೀರು ಬರುತ್ತಿದ್ದದ್ದು ಛಾವಣಿಯ ಟ್ಯಾಂಕಿನಿಂದ. ದೆಹಲಿಯ ಬೇಸಿಗೆಯಲ್ಲಿ ಆ ಟ್ಯಾಂಕು ಯಾವಾಗ ಬರಿದಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ರಿಫ್ಲಕ್ಸ್ ನಡೆಯುವಾಗ ಪಕ್ಕದಲ್ಲಿ ಇಬ್ಬರು ಕೂರಲೇಬೇಕಿತ್ತು. ನೀರು ನಿಂತರೆ ಒಬ್ಬರು ಉರಿ ಆರಿಸಬೇಕು, ಇನ್ನೊಬ್ಬರು ಕಿಟಕಿ ತೆರೆಯಬೇಕು.

ಹಾಗೆ ಒಂದು ದಿನ ನನ್ನ ಜೊತೆ ಕೂತವಳು ಹರ್‌ಪ್ರೀತ್. ಕೊನೆಯ ವರ್ಷದ ಹುಡುಗಿ, ಯಾವಾಗಲೂ ಮುಂದಿನ ಬೆಂಚು. ಹಿಂದಿನ ವಾರವಷ್ಟೇ ಸ್ಟಾಫ್ ರೂಮಿಗೆ ಬಂದು ಎಂ.ಎಸ್ಸಿ. ಬಗ್ಗೆ ಕೇಳಿದ್ದಳು. ನಾನು ಉದ್ದಕ್ಕೆ ಹೇಳಿದ್ದೆ, ಅವಳು ಉದ್ದಕ್ಕೆ ತಲೆಯಾಡಿಸಿದ್ದಳು. ಫ್ಲಾಸ್ಕಿನ ಮುಂದೆ ಬಹಳ ಹೊತ್ತು ಇಬ್ಬರೂ ಸುಮ್ಮನೆ ಹನಿ ನೋಡುತ್ತ ಕೂತೆವು. ಆಮೇಲೆ ಅವಳು ನನ್ನತ್ತ ತಿರುಗದೆಯೇ, ತನಗೆ ರಸಾಯನಶಾಸ್ತ್ರ ಇಷ್ಟವೇ ಇಲ್ಲ, ಅದರೊಳಗೆ ಬರುವ ಲೆಕ್ಕ ಮಾತ್ರ ಇಷ್ಟ ಎಂದಳು. ಮೂರು ವರ್ಷ ನನ್ನ ಎದುರೇ ಕೂತಿದ್ದ ಹುಡುಗಿ! ಆಮೇಲೆ ಅವಳು ಸಂಖ್ಯಾಶಾಸ್ತ್ರಕ್ಕೆ ಹೋದಳು, ಸುಖವಾಗಿದ್ದಾಳೆ.

ಅವತ್ತು ನನಗೊಂದು ಸಂಗತಿ ತಿಳಿಯಿತು. ಸ್ಟಾಫ್ ರೂಮಿನಲ್ಲಿ ಮಕ್ಕಳು ನಮ್ಮ ಮುಖ ನೋಡಿ ಮಾತಾಡುತ್ತಾರೆ. ಮೇಡಂಗೆ ಯಾವುದು ಹಿತವೋ ಅದು ಅವರ ಬಾಯಲ್ಲಿ ಬರುತ್ತದೆ. ಫ್ಲಾಸ್ಕಿನ ಮುಂದೆ ಇಬ್ಬರೂ ಒಂದೇ ಕಡೆ ನೋಡುತ್ತಿರುತ್ತೇವೆ, ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಆಮೇಲೆ ನಾನು ಅದನ್ನೇ ಪದ್ಧತಿ ಮಾಡಿಕೊಂಡೆ. ಮುಂದೇನು ಎಂದು ಕೇಳಿದವರಿಗೆ, ರಿಫ್ಲಕ್ಸ್ ಇಡುವ ದಿನ ಬಂದು ಸ್ಟೂಲಿನ ಮೇಲೆ ಕೂತುಕೋ ಎನ್ನುತ್ತಿದ್ದೆ. ಮೊದಲ ಹನಿ ಬೀಳುವವರೆಗೆ ಯಾರೂ ಮಾತಾಡಬಾರದು ಎಂಬುದೊಂದೇ ನಿಯಮ. ಆ ನಿಯಮ ಮಕ್ಕಳಿಗಿಂತ ನನಗೇ ಹೆಚ್ಚು ಬೇಕಾಗಿತ್ತು, ಏಕೆಂದರೆ ನಾನು ವಾಚಾಳಿ.

ಪೀತಮ್‌ಪುರದ ವಿಕಾಸ್ ಎಂಬ ಹುಡುಗ ಆ ಸ್ಟೂಲಿನ ಮೇಲೆ ಕೂತದ್ದು ನೆನಪಿದೆ. ಅವರ ಮನೆಯವರದು ಅಲ್ಲಿನ ಮಾರುಕಟ್ಟೆಯಲ್ಲಿ ಬಣ್ಣದ ಅಂಗಡಿ. ಹನಿ ಬಿದ್ದ ಕೂಡಲೇ ಅವನು ಯಾರನ್ನೋ ಕೊಂದು ಬಂದವನ ಹಾಗೆ ತಗ್ಗಿದ ದನಿಯಲ್ಲಿ, ಕ್ಷಮಿಸಿ ಮ್ಯಾಮ್, ನಾನು ಎಂ.ಎಸ್ಸಿ. ಮಾಡುವುದಿಲ್ಲ, ಪಪ್ಪಾನ ಅಂಗಡಿಯಲ್ಲಿ ಕೂರುತ್ತೇನೆ ಎಂದ. ಹೌದಾ, ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆಯ ಬಣ್ಣ ಯಾಕೆ ಹಪ್ಪಳದ ಹಾಗೆ ಏಳುತ್ತದೆ, ಹೇಳು ಎಂದೆ. ಶುರು ಮಾಡಿದ ನೋಡಿ! ಗೋಡೆಯೊಳಗಿನ ಉಪ್ಪು, ತೇವ, ಗಾರೆ, ಅಂಟು, ಎಲ್ಲ ಬಂತು. ಅಷ್ಟು ಖುಷಿಯಿಂದ ಅವನು ಮಾತಾಡಿದ್ದನ್ನು ತರಗತಿಯಲ್ಲಿ ನಾನು ಕಂಡೇ ಇರಲಿಲ್ಲ. ಧಾರಾಳವಾಗಿ ಅಂಗಡಿಯಲ್ಲಿ ಕೂರು ಮಾರಾಯ ಎಂದೆ. ಮೊನ್ನೆ ಮೊನ್ನೆ ನಮ್ಮ ಜನಕಪುರಿಯ ಮನೆಗೆ ಬಣ್ಣ ಹೊಡೆಸಿದವನೂ ಅವನೇ. ನಾನು ಕೇಳಿದ ಬಣ್ಣ ಮಾತ್ರ ಹಚ್ಚಿಸಲಿಲ್ಲ, ಹಟಮಾರಿ.

ನನ್ನ ಪದ್ಧತಿಯ ಸುದ್ದಿ ಖನ್ನಾ ಸಾಹೇಬರ ಕಿವಿಗೂ ಬಿತ್ತು. ಒಂದು ದಿನ ಡಬ್ಬಿ ಸಮೇತ ಲ್ಯಾಬಿಗೆ ಬಂದರು. ಆಗ ಸ್ಟೂಲಿನ ಮೇಲಿದ್ದವನು ಬಿಹಾರದ ಅಭಿಷೇಕ್. ಓಲ್ಡ್ ರಾಜಿಂದರ್ ನಗರದಲ್ಲಿ ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ಅಣ್ಣನ ಜೊತೆ ಬಾಡಿಗೆ ಕೋಣೆಯಲ್ಲಿದ್ದವನು. ಹುಡುಗ ಫ್ಲಾಸ್ಕಿನಿಂದ ಕಣ್ಣು ಕೀಳಲೇ ಇಲ್ಲ. ಕರೆದರೂ ತಿರುಗಲಿಲ್ಲ. ಸಾಹೇಬರಿಗೆ ಸಂತೋಷ ತಡೆಯಲಾಗಲಿಲ್ಲ. ನೋಡಿ ಮೇಡಂ, ಸಂಶೋಧಕನ ಕಣ್ಣು ಎಂದರೆ ಇದು ಎಂದು ಘೋಷಿಸಿ, ತಾವೇ ಮುಂದೆ ನಿಂತು ಅವನನ್ನು ಎಂ.ಎಸ್ಸಿ.ಗೆ ಹಚ್ಚಿದರು. ಕೋರ್ಸು ಮುಗಿಸಿ ಬಂದ ಅಭಿಷೇಕ್ ನನ್ನ ಹತ್ತಿರ ನಿಜ ಹೇಳಿದ. ಅವತ್ತು ಅವನಿಗೆ ಫ್ಲಾಸ್ಕು ಸಿಡಿಯುತ್ತದೆ ಎಂದು ಭಯವಾಗಿತ್ತಂತೆ. ಕಣ್ಣು ತೆಗೆದರೆ ಓಡುವುದಕ್ಕೆ ತಡವಾದೀತು ಎಂದು ನೋಡುತ್ತಲೇ ಇದ್ದನಂತೆ. ಈಗ ಬ್ಯಾಂಕಿನಲ್ಲಿದ್ದಾನೆ, ಅಲ್ಲಿ ಏನೂ ಸಿಡಿಯುವುದಿಲ್ಲವಂತೆ. ಸಾಹೇಬರಿಗೆ ಇದನ್ನು ಹೇಳಿದಾಗ ಪರಾಠ ಗಂಟಲಲ್ಲಿ ಸಿಕ್ಕುವಷ್ಟು ನಕ್ಕರು. ಆಮೇಲೆ ತಮ್ಮ ಬಾಗಿಲಿಗೆ ಬಂದವರನ್ನೂ ನನ್ನ ಸ್ಟೂಲಿಗೇ ಕಳಿಸತೊಡಗಿದರು. ಹಾಗಾಗಿ ಹೊಸಬರಿಗೆ ಒಂದು ಮಾತು. ಮಕ್ಕಳ ಕಣ್ಣು ನೋಡಿ ಭವಿಷ್ಯ ಹೇಳಬೇಡಿ. ಅವರು ಬಾಯಿ ಬಿಡುವವರೆಗೆ ಕಾಯಿರಿ.

ಬರಬರುತ್ತ ಎಲ್ಲ ಬದಲಾಯಿತು. ಬಾಯಲ್ಲಿ ದ್ರವ ಎಳೆಯುತ್ತಿದ್ದ ಪಿಪೆಟ್ಟು ಎಂಬ ಗಾಜಿನ ನಳಿಕೆಗೆ ರಬ್ಬರ್ ಬಲ್ಬು ಬಂತು, ಅದು ಒಳ್ಳೆಯದೇ ಆಯಿತು. ವರ್ಷದ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು. ಎಂ.ಎಸ್ಸಿ. ಪ್ರವೇಶಕ್ಕೆ ಇಡೀ ದೇಶದ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯುವ ಹಾಗಾಯಿತು. ಈಗ ಪದವಿಗೆ ನಾಲ್ಕನೇ ವರ್ಷವೂ ಸೇರಿಕೊಂಡಿದೆ. ನಮ್ಮ ಕಂಡೆನ್ಸರಿಗೂ ಪುಟ್ಟ ಪಂಪು ಬಂತು. ಬಕೆಟ್ಟಿನ ಐಸ್ ನೀರನ್ನೇ ಅದು ಸುತ್ತಿಸುತ್ತಿರುತ್ತದೆ, ನಲ್ಲಿಯ ಹಂಗಿಲ್ಲ. ಪಕ್ಕದಲ್ಲಿ ಇಬ್ಬರು ಕೂರುವ ಅಗತ್ಯವೂ ಇಲ್ಲ. ಆದರೂ ಆ ಪಂಪನ್ನು ನಂಬುವ ಹಾಗಿಲ್ಲ ಎಂದು ಹೇಳಿ ಹೇಳಿ ನಾನು ಸ್ಟೂಲುಗಳನ್ನು ಉಳಿಸಿಕೊಂಡೆ. ಮಕ್ಕಳ ಪ್ರಶ್ನೆಯೂ ಬದಲಾಯಿತು. ಮೊದಲು ಅವರಿಗೆ ಒಂದೇ ದಾರಿ ಕಾಣುತ್ತಿತ್ತು, ಅದು ಸಿಗದಿದ್ದರೆ ಎಂಬ ಭಯ. ಈಗ ಮೊಬೈಲಿನ ತುಂಬ ದಾರಿಗಳು, ತಪ್ಪು ದಾರಿ ಹಿಡಿದರೆ ಎಂಬ ಭಯ. ಭಯದ ತೂಕ ಮಾತ್ರ ಅಷ್ಟೇ.

ಇನ್ನು ಪ್ರಣತಿಯ ವಿಷಯ. ಇದು ನಾನು ನಿವೃತ್ತಳಾಗುವ ಮುಂಚಿನ ಬೇಸಿಗೆಯಲ್ಲಿ ನಡೆದದ್ದು.

ಪ್ರಣತಿಯ ತಂದೆ ನಾಗರಾಜಪ್ಪನವರು ತುಮಕೂರಿನ ಕಡೆಯವರು, ಇಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ಜನಕಪುರಿಯಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಅವರೂ ಬಿ.ಎಸ್ಸಿ. ಓದಿದವರು. ಪಾಸಾದ ವರ್ಷ ಅವರಿಗೆ ರಸಾಯನಶಾಸ್ತ್ರದ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಅದೇ ವಾರ ದೆಹಲಿಯ ಗುಮಾಸ್ತೆ ಕೆಲಸದ ಆದೇಶವೂ ಬಂತು. ಮನೆಯಲ್ಲಿ ಚಿಕ್ಕ ತಮ್ಮಂದಿರಿದ್ದರು. ಸೀಟು ಬಿಟ್ಟು ರೈಲು ಹತ್ತಿದರು. ಈ ಕಥೆಯನ್ನು ಅವರು ಯಾರ ಮನೆಯ ಊಟಕ್ಕೆ ಹೋದರೂ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆದರೆ "ಅವತ್ತು ಆ ಸೀಟು ಹಿಡಿದಿದ್ರೆ" ಎಂದು ಒಂದು ಗಳಿಗೆ ನಿಂತುಬಿಡುತ್ತಿದ್ದರು. ಪಕ್ಕದಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ ಮಗಳಿಗೆ ಆ ಕಥೆ ಬಾಯಿಪಾಠವಾಗಿತ್ತು.

ಅದೇ ಮಗಳು ನನ್ನ ವಿದ್ಯಾರ್ಥಿನಿಯಾದಳು. ಮನೆಗೆ ಬಂದರೆ ಆಂಟಿ, ಕಾಲೇಜಿನಲ್ಲಿ ಮ್ಯಾಮ್. ಕೈ ಬಹಳ ಚೊಕ್ಕ, ತಲೆ ಚುರುಕು. ದಕ್ಷಿಣದ ಒಂದು ದೊಡ್ಡ ಸಂಸ್ಥೆಯಲ್ಲಿ ಎಂ.ಎಸ್ಸಿ.ಯನ್ನೂ ಪಿಎಚ್.ಡಿ.ಯನ್ನೂ ಸೇರಿಸಿದ ಕೋರ್ಸಿಗೆ ಅರ್ಜಿ ಹಾಕಿದಳು. ಅವಳ ಬಗ್ಗೆ ಅಲ್ಲಿಗೆ ಶಿಫಾರಸು ಮಾಡಿದವಳು ನಾನೇ. ಸೀಟು ಸಿಕ್ಕಿತು. ನಾಗರಾಜಪ್ಪನವರು ಕಚೇರಿಗೆಲ್ಲ ಲಡ್ಡು ಹಂಚಿದರು, ನಮ್ಮ ಮನೆಗೂ ಒಂದು ಡಬ್ಬ ಬಂತು. ನನಗೂ ಹೆಮ್ಮೆ. ನಮ್ಮ ಕಡೆಯ ಹುಡುಗಿ, ನಾನು ಕಲಿಸಿದ ಹುಡುಗಿ.

ಶುಕ್ರವಾರ ನಾಗರಾಜಪ್ಪನವರ ಫೋನು ಬಂತು. "ಮೇಡಂ, ಸೋಮವಾರದೊಳಗೆ ಒಪ್ಪಿಗೆ ಕೊಡಬೇಕಂತೆ. ಇವಳನ್ನ ಕೇಳಿದ್ರೆ ಹೂಂ ಅಂತಾಳೆ. ಕಂಪ್ಯೂಟರ್ ಮುಂದೆ ಕೂತ್ರೆ ಬಟನ್ ಒತ್ತಲ್ಲ. ಊಟಾನೂ ಸರಿಯಾಗಿ ಮಾಡ್ತಿಲ್ಲ. ನೀವೊಂದು ಮಾತು ಹೇಳಿ."

ಹೇಳುವುದಕ್ಕೆ ನಾಲಿಗೆ ತುದಿಯವರೆಗೆ ಮಾತು ಬಂದಿತ್ತು. ತಡೆದುಕೊಂಡು, ನಾಳೆ ಅವಳನ್ನು ಲ್ಯಾಬಿಗೆ ಕಳಿಸಿ ಎಂದೆ. ನಾನೂ ಬರಬಹುದೇ, ಶನಿವಾರ ರಜೆಯಿದೆ ಎಂದರು. ಅಪ್ಪಂದಿರನ್ನು ನಾನು ಯಾವತ್ತೂ ಸ್ಟೂಲಿನ ಮೇಲೆ ಕೂರಿಸಿದವಳಲ್ಲ. ಆದರೆ ಆ ದನಿಯಲ್ಲಿ ಎಂಥದೋ ಆಸೆಯಿತ್ತು, ಬೇಡ ಎನ್ನಲಾಗಲಿಲ್ಲ.

ಮೆಟ್ರೋ ಇಳಿದು ಇಬ್ಬರೂ ಬಂದರು. ನಾಗರಾಜಪ್ಪನವರು ಇಸ್ತ್ರಿ ಅಂಗಿ ತೊಟ್ಟು, ಲ್ಯಾಬಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಲ್ಯಾಬಿನಲ್ಲಿ ಬರಿಗಾಲು ಕೂಡದು, ಹಾಕಿಕೊಳ್ಳಿ ಎಂದೆ. ಅವರು ಸಂಕೋಚದಿಂದ ಹಾಕಿಕೊಂಡರು. ಮೂರನೆಯ ಸ್ಟೂಲು ಎಳೆದು ಕೊಟ್ಟೆ. ಅವತ್ತು ಇಟ್ಟದ್ದು ವಿಂಟರ್‌ಗ್ರೀನ್ ಎಣ್ಣೆಯ ರಿಫ್ಲಕ್ಸ್. ಮಂಡಿನೋವಿನ ಮುಲಾಮಿನ ವಾಸನೆ ಅದರದ್ದೇ. ನಮ್ಮಮ್ಮನ ಕೋಣೆ ವಾಸನೆ ಬರ್ತಿದೆ ಎಂದು ನಾಗರಾಜಪ್ಪನವರು ಖುಷಿಪಟ್ಟರು. ಪ್ರಣತಿ ಪಂಪು ಹಚ್ಚಿದಳು, ನಾನು ನಿಯಮ ಹೇಳಿದೆ, ಮೂವರೂ ಸುಮ್ಮನೆ ಕೂತೆವು.

ಹನಿ ಬಿತ್ತು. ನಾಗರಾಜಪ್ಪನವರು ಮೊದಮೊದಲು ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು. ಆಮೇಲೆ ಫ್ಯಾನು ನೋಡಿದರು, ಗೋಡೆಯ ಮೇಲಿನ ಎಚ್ಚರಿಕೆಗಳನ್ನು ಓದಿದರು, ಕೈಗಡಿಯಾರ ನೋಡಿಕೊಂಡರು. ಪಾಪ, ಮಗಳ ಚಿಂತೆ ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ಪ್ರಣತಿ ಫ್ಲಾಸ್ಕನ್ನು ನೋಡುತ್ತಲೇ ಬಾಯಿಬಿಟ್ಟಳು. "ಅಪ್ಪಾ, ಮುಝೆ ನಹೀ ಜಾನಾ. ನಂಗೆ ಅಲ್ಲಿಗೆ ಹೋಗೋದು ಇಷ್ಟ ಇಲ್ಲ."

ಸುಳ್ಳು ಯಾಕೆ ಹೇಳಲಿ, ಶಿಫಾರಸು ಮಾಡಿದ ನನಗೆ ಬೇಸರವಾಯಿತು. ಅವಳು ನಿಧಾನವಾಗಿ ಹೇಳುತ್ತ ಹೋದಳು. ಚಳಿಗಾಲದ ರಜೆಯಲ್ಲಿ ಅವಳು ನೋಯ್ಡಾದಲ್ಲಿ ಕುಡಿಯುವ ನೀರು ಪರೀಕ್ಷಿಸುವ ಒಂದು ಲ್ಯಾಬಿಗೆ ಕಲಿಯಲು ಹೋಗುತ್ತಿದ್ದಳು. ಅಲ್ಲಿಯವರು ಕೆಲಸಕ್ಕೇ ಬಾ ಎಂದು ಕರೆದಿದ್ದರಂತೆ. ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

"ಅಲ್ಲಿ ಬೆಳಿಗ್ಗೆ ಬಾಟ್ಲಿ ಬರುತ್ತೆ. ಸಂಜೆ ಅಷ್ಟರಲ್ಲಿ ಪತಾ ಚಲ್ ಜಾತಾ ಹೈ, ಗೊತ್ತಾಗಿಬಿಡುತ್ತೆ, ಈ ನೀರು ಕುಡೀಬಹುದಾ, ಬೇಡ್ವಾ ಅಂತ. ಆಮೇಲೆ ಆ ಮನೆಯವ್ರಿಗೆ ನಾವೇ ಫೋನ್ ಮಾಡಿ ಹೇಳ್ತೀವಿ. ನಂಗೆ ಅದು ಇಷ್ಟ. ಒಂದೇ ಸವಾಲ್ ಇಟ್ಕೊಂಡು ವರ್ಷಗಟ್ಲೆ ಕೂರೋದು ನನ್ನ ಕೈಲಿ ಆಗಲ್ಲ ಅಪ್ಪಾ. ಎಂ.ಎಸ್ಸಿ. ಬೇಕು ಅನ್ಸಿದ್ರೆ ಆಮೇಲೆ ಮಾಡ್ತೀನಿ."

ಇದನ್ನು ಕೇಳುತ್ತ ಕೇಳುತ್ತ ನನ್ನ ಬೇಸರ ಕರಗಿತು. ಕೆಲವರಿಗೆ ಸಂಜೆಗೆ ಉತ್ತರ ಬೇಕು, ಕೆಲವರು ಉತ್ತರಕ್ಕೆ ಎಷ್ಟು ವರ್ಷವಾದರೂ ಕಾಯುತ್ತಾರೆ. ಎರಡೂ ಬೇರೆ ಬೇರೆ ಜಾಯಮಾನ, ಒಂದು ಮೇಲಲ್ಲ, ಒಂದು ಕೀಳಲ್ಲ. ಆದರೆ ಪ್ರಣತಿಯ ಮಾತು ಮುಗಿದಿರಲಿಲ್ಲ.

"ಆದ್ರೆ ನಿನ್ನ ಸೀಟು ಇದೆಯಲ್ಲಪ್ಪಾ. ಚಿಕ್ಕವಳಿದ್ದಾಗಿಂದ ಕೇಳಿದೀನಿ. ನೀನು ಬಿಟ್ಟಿದ್ದನ್ನ ನಾನು ತಗೋಬೇಕಲ್ವಾ?"

ಆಗಷ್ಟೇ ನನಗೆ ಗೊತ್ತಾದದ್ದು, ಆ ಬಟನ್ನಿನ ಮೇಲೆ ಅವಳ ಬೆರಳು ಯಾಕೆ ನಿಂತಿತ್ತು ಎಂದು. ಒತ್ತಿದರೆ ಅವಳ ಬದುಕು ಹೋಗುತ್ತಿತ್ತು, ಒತ್ತದಿದ್ದರೆ ಅಪ್ಪನ ಕನಸು. ಊಟ ಸೇರುವುದಾದರೂ ಹೇಗೆ?

ನಾಗರಾಜಪ್ಪನವರು ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. ಸಂಕೋಚದಿಂದ ಒಮ್ಮೆ ನನ್ನ ಕಡೆ ನೋಡಿದರು.

"ಮಗಳೇ, ಒಂದು ನಿಜ ಹೇಳ್ತೀನಿ. ಮೇಡಂ, ನೀವು ಬೇಜಾರು ಮಾಡ್ಕೋಬಾರ್ದು. ಇಲ್ಲಿ ಬಂದು ಕೂತಾಗಿಂದ ನಾನು ಗಡಿಯಾರ ನೋಡ್ತಾ ಇದೀನಿ. ಹನಿ ಏಳುತ್ತೆ, ಬೀಳುತ್ತೆ, ಮತ್ತೆ ಏಳುತ್ತೆ. ಇದನ್ನಾ ನಾನು ಇಷ್ಟು ವರ್ಷ ಕಳ್ಕೊಂಡೆ ಕಳ್ಕೊಂಡೆ ಅಂತ ಕೊರಗಿದ್ದು? ನಮ್ಮ ಆಫೀಸಲ್ಲಿ ಫೈಲಾದ್ರೂ ಮುಂದಿನ ಟೇಬಲ್ಲಿಗೆ ಹೋಗುತ್ತೆ."

ಪ್ರಣತಿ ಮೊದಲು ನಂಬಲಿಲ್ಲ. ಅಪ್ಪನ ಮುಖವನ್ನೇ ದಿಟ್ಟಿಸಿದಳು. ಮಗಳ ಸಮಾಧಾನಕ್ಕೆ ಹೇಳುತ್ತಿದ್ದಾರೋ ಎಂದು ನನಗೂ ಅನುಮಾನ. ಅಷ್ಟರಲ್ಲಿ ನಾಗರಾಜಪ್ಪನವರಿಗೆ ದೊಡ್ಡದೊಂದು ಆಕಳಿಕೆ ಬಂತು. ತಡೆಯಲು ನೋಡಿದರು, ಆಗಲಿಲ್ಲ. ಅದು ನಟನೆಯಲ್ಲ, ದವಡೆ ಕಳಚುವಂಥ ಅಸಲಿ ಆಕಳಿಕೆ. ಮಗಳು ನಗತೊಡಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವರೂ ನಕ್ಕರು. ನನ್ನ ಜೀವನವಿಡೀ ನಾನು ಪ್ರೀತಿಸಿದ ಕೆಲಸಕ್ಕೆ ಹೀಗೆ ಮುಖದ ಮೇಲೆಯೇ ಯಾರೂ ಅವಮಾನ ಮಾಡಿರಲಿಲ್ಲ, ಆದರೂ ಅವರಿಬ್ಬರಿಗಿಂತ ಜೋರಾಗಿ ನಕ್ಕವಳು ನಾನೇ.

ಸೋಮವಾರದವರೆಗೆ ಕಾಯಲಿಲ್ಲ. ಪ್ರಣತಿ ಅಲ್ಲೇ ಮೊಬೈಲು ತೆಗೆದು, ಸೀಟು ಬೇಡವೆಂದು ಆ ಸಂಸ್ಥೆಗೆ ತಿಳಿಸಿದಳು. ಒತ್ತುವಾಗ ಬೆರಳು ತಡೆಯಲಿಲ್ಲ. ಹಂಚಿದ ಲಡ್ಡುವಿಗೆ ಕಚೇರಿಯಲ್ಲಿ ಏನು ಹೇಳುತ್ತೀರಿ ಎಂದು ನಾನು ನಾಗರಾಜಪ್ಪನವರನ್ನು ಛೇಡಿಸಿದೆ. ತಿಂದಾಯ್ತಲ್ಲ, ಇನ್ನೇನು ವಾಪಸ್ ಕೇಳುತ್ತಾರಾ ಎಂದರು.

ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ, ಮಗೂ. ಎಂ.ಎಸ್ಸಿ. ಮಾಡು ಎನ್ನಬೇಡ, ಬೇಡ ಎಂದೂ ಅನ್ನಬೇಡ. ಪಕ್ಕದಲ್ಲಿ ಒಂದು ಸ್ಟೂಲು ಎಳೆದು ಕೊಡು. ಅವರು ಹೊತ್ತುಕೊಂಡು ಬಂದದ್ದು ತಮ್ಮ ಆಸೆಯೋ ಇನ್ನೊಬ್ಬರದೋ ಎಂಬುದು ಅವರ ಬಾಯಿಂದಲೇ ಬರಲಿ.

ಅವತ್ತು ಹೊರಡುವ ಮುಂಚೆ ಪ್ರಣತಿ ಕಂಡೆನ್ಸರ್ ಬಿಚ್ಚಿ ತೊಳೆಯಲು ಸಿಂಕಿನ ಕಡೆ ಹೋದಳು. ಮಗಳಿಗೆ ಕೇಳಿಸದ ಹಾಗೆ ನಾಗರಾಜಪ್ಪನವರು ನನ್ನ ಹತ್ತಿರ ಬಂದು, "ಮೇಡಂ, ಅವತ್ತು ನಾನು ಎಂ.ಎಸ್ಸಿ. ಸೇರಿದ್ದಿದ್ರೆ ದಿನಾ ಹೀಗೇನಾ?" ಎಂದು ಕೇಳಿದರು.

ಬಹುಪಾಲು ಹೀಗೇ, ಅಪರೂಪಕ್ಕೆ ಫ್ಲಾಸ್ಕು ಒಡೆಯುತ್ತದೆ ಎಂದೆ.

ಅವರು ಲ್ಯಾಬಿನ ಆ ತುದಿಯಿಂದ ಈ ತುದಿಯವರೆಗೆ ಇನ್ನೊಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿ, "ಸದ್ಯ, ಬಚಾವಾದೆ" ಎಂದರು.